ಕತ್ತು ಸೀಳಿತು, ಬುಡದಲ್ಲಿ ಉಂಗುರ ಕಂಡಿತು: .30-06 ಕೇಸ್‌ನಿಂದ 6.5-06 ಇಂಪ್ರೂವ್ಡ್ ಮಾಡುವಾಗ ಎಲ್ಲಿ ತಪ್ಪಾಗುತ್ತದೆ?

ಪ್ರಶ್ನೆ: ಅಮೆರಿಕದ ಅರಿಜೋನಾದಲ್ಲಿದ್ದೇನೆ. ಹಳೆಯ ಬೋಲ್ಟ್ ಆ್ಯಕ್ಷನ್ ರೈಫಲ್‌ಗೆ 6.5-06 ಇಂಪ್ರೂವ್ಡ್ ಬ್ಯಾರೆಲ್ ಹಾಕಿಸಿದೆ; .30-06 ಕೇಸ್‌ನ ಕತ್ತನ್ನು 6.5 ಮಿಲಿಮೀಟರ್ ಗುಂಡಿಗೆ ಕಿರಿದು ಮಾಡಿ, ಹೆಗಲನ್ನು ಕಡಿದಾಗಿಸಿದ ತೋಟಾ ಇದು. ಚೇಂಬರ್‌ನ (ಬ್ಯಾರೆಲ್‌ನಲ್ಲಿ ತೋಟಾ ಕೂರುವ ಗೂಡು) ಹೆಗಲು 40 ಡಿಗ್ರಿ. ಈ ತೋಟಾ ಅಂಗಡಿಯಲ್ಲಿ ಸಿಗದ ಕಾರಣ ನಾಲ್ಕೈದು ಸಲ ಹಾರಿಸಿದ .30-06 ಕೇಸ್‌ಗಳನ್ನೇ ಬಳಸಿದೆ. ಪಾತ್ರೆ ತಿಕ್ಕುವ ಪಾಲಿಷ್ ಹಾಕಿ ಚೆನ್ನಾಗಿ ಉಜ್ಜಿ, ಡೈಯನ್ನು (ಕೇಸನ್ನು ಒತ್ತಿ ಆಕಾರ ಕೊಡುವ ಅಚ್ಚು) ಶೆಲ್‌ಹೋಲ್ಡರ್‌ಗೆ (ಪ್ರೆಸ್‌ನಲ್ಲಿ ಕೇಸ್‌ನ ಬುಡ ಹಿಡಿಯುವ ತುಂಡು) ತಗಲುವವರೆಗೆ ಇಳಿಸಿ, ಒಂದೇ ಏಟಿಗೆ 6.5ಕ್ಕೆ ತಂದೆ. ಇಪ್ಪತ್ತರಲ್ಲಿ ಐದರ ಹೆಗಲು ಪ್ರೆಸ್‌ನಲ್ಲೇ ನೆಗ್ಗಿತು. ಉಳಿದ ಹದಿನೈದನ್ನು ಎರಡು ತಿಂಗಳಾದ ಮೇಲೆ ಹಾರಿಸಿದೆ. ನಾಲ್ಕರ ಕತ್ತು ಸೀಳಿತು. ಬೇರೆ ಮೂರರಲ್ಲಿ ಬುಡದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರ ಮೂಡಿದೆ. ದೋಷ ರೈಫಲ್‌ನದೋ, ಹಿತ್ತಾಳೆಯದೋ, ನನ್ನದೋ?

ಉತ್ತರ: ಹೊಸಬರಿಗೆ ಒಂದು ಮಾತು: ಕೇಸ್ ಎಂದರೆ ಮದ್ದು ತುಂಬುವ ಹಿತ್ತಾಳೆ ಕೊಳವೆ; ಗುಂಡು ಕೂರುವ ಕಿರಿದಾದ ಭಾಗ ಕತ್ತು, ಅದರ ಕೆಳಗಿನ ಇಳಿಜಾರು ಹೆಗಲು, ದಪ್ಪ ತಳ ಬುಡ. ನಿಮ್ಮ ಪ್ರಶ್ನೆಯಲ್ಲಿ ಮೂರು ಕಾಯಿಲೆಗಳಿವೆ, ಮೂರಕ್ಕೂ ಕಾರಣ ಬೇರೆ ಬೇರೆ. ಹೆಗಲು ನೆಗ್ಗಿದ್ದು ಒಂದೇ ಏಟಿಗೆ ಇಳಿಸಿದ್ದರಿಂದ. ಕತ್ತು ಸೀಳಿದ್ದು ಹಿತ್ತಾಳೆ ಗಡುಸಾಗಿದ್ದರಿಂದ. ಅದಕ್ಕೆ ಆ ಪಾಲಿಷ್ ಕೂಡ ಕೈ ಜೋಡಿಸಿರಬಹುದು. ಈ ಎರಡರಿಂದ ಕೇಸ್ ಮಾತ್ರ ಹಾಳಾಗುತ್ತದೆ. ಬುಡದ ಉಂಗುರ ಹಾಗಲ್ಲ, ಅದು ಮುಂದೊಂದು ದಿನ ಕಣ್ಣಿಗೂ ಕೈಗೂ ಅಪಾಯ ತರುವಂಥದ್ದು. ಆದ್ದರಿಂದ ಮೊದಲ ಮಾತು: ಉಂಗುರ ಕಾಣದ ಉಳಿದ ಎಂಟು ಕೇಸ್‌ಗಳನ್ನೂ ಮತ್ತೆ ತುಂಬಬೇಡಿ. ಅವೂ ಅದೇ ಡೈ ಹೊಂದಿಕೆಯಲ್ಲಿ ತಯಾರಾದವು.

ಉಂಗುರದಿಂದಲೇ ಶುರು ಮಾಡೋಣ. ಫೈರಿಂಗ್ ಪಿನ್ ಬಡಿದಾಗ ಕೇಸ್ ಮುಂದಕ್ಕೆ ಜರುಗುತ್ತದೆ. ಮುಂದೆ ಅದನ್ನು ತಡೆಯುವ ಆಧಾರ ಇಲ್ಲದಿದ್ದರೆ ಬುಡಕ್ಕೂ ಬೋಲ್ಟ್‌ನ ಮುಖಕ್ಕೂ ನಡುವೆ ಸಂದು ಉಳಿಯುತ್ತದೆ. ಮದ್ದು ಉರಿದು ಒತ್ತಡ ಏರುತ್ತಿದ್ದಂತೆ ಕೇಸ್‌ನ ತೆಳು ಗೋಡೆ ಮೊದಲು ಉಬ್ಬಿ ಚೇಂಬರ್‌ಗೆ ಕಚ್ಚಿಕೊಳ್ಳುತ್ತದೆ. ಬುಡ ದಪ್ಪ ಗಟ್ಟಿ ಹಿತ್ತಾಳೆ, ಅದು ಉಬ್ಬುವುದಿಲ್ಲ. ಸಂದು ಇರುವಷ್ಟು ಹಿಂದಕ್ಕೆ ತಳ್ಳಲ್ಪಡುತ್ತದೆ. ಮುಂಭಾಗ ಅಲ್ಲೇ ಕಚ್ಚಿ ನಿಂತಿದೆ, ಹಿಂಭಾಗ ಹಿಂದೆ ಹೋಗುತ್ತಿದೆ. ಇವೆರಡರ ನಡುವೆ, ಗಟ್ಟಿ ಬುಡ ಮುಗಿದು ಗೋಡೆ ಶುರುವಾಗುವ ಜಾಗ ಎಳೆದಂತಾಗಿ ತೆಳುವಾಗುತ್ತದೆ. ಹೊರಗೆ ಕಾಣುವ ಹೊಳೆಯುವ ಗೆರೆ ಆ ತೆಳುವಾದ ಜಾಗದ ಗುರುತು. ಮುಂದಿನ ಒಂದೋ ಎರಡೋ ಗುಂಡಿಗೆ ಕೇಸ್ ಅಲ್ಲೇ ಎರಡಾಗಿ ಕಡಿದು ಬೀಳಬಹುದು, ಬಿಸಿ ಅನಿಲ ಬೋಲ್ಟ್‌ನತ್ತ ನುಗ್ಗಬಹುದು.

ಎಲ್ಲ ಉಂಗುರವೂ ಅಪಾಯದ್ದಲ್ಲ. ಡೈ ಇಳಿದು ನಿಂತ ಜಾಗದಲ್ಲೂ ಒಂದು ಗೆರೆ ಮೂಡುತ್ತದೆ. ಎರಡನ್ನೂ ಬೇರೆ ಮಾಡಲು ಒಂದು ಗಟ್ಟಿ ತಂತಿ ಸಾಕು. ತುದಿಯನ್ನು ಅರದಿಂದ ಚೂಪು ಮಾಡಿ, ತುದಿಯ ಎರಡು ಮೂರು ಮಿಲಿಮೀಟರ್‌ ಅನ್ನು ಲಂಬಕೋನಕ್ಕೆ ಬಾಗಿಸಿ. ಕೇಸ್‌ನ ಬಾಯಿಯಿಂದ ಒಳಗೆ ಬಿಟ್ಟು, ತುದಿಯನ್ನು ಗೋಡೆಗೆ ಒತ್ತಿ ಹಿಡಿದು ಬುಡದಿಂದ ಮೇಲಕ್ಕೆ ಎಳೆಯಿರಿ. ಗೋಡೆ ತೆಳುವಾಗಿದ್ದರೆ ಉಂಗುರದ ಮಟ್ಟದಲ್ಲಿ ತಂತಿ ಸಣ್ಣ ಕಾಲುವೆಯೊಂದಕ್ಕೆ ಬಿದ್ದು ಎದ್ದಂತೆ ಬೆರಳಿಗೆ ತಿಳಿಯುತ್ತದೆ. ಸಂಶಯ ಉಳಿದರೆ ಒಂದು ಕೇಸನ್ನು ಉದ್ದುದ್ದ ಗರಗಸದಿಂದ ಸೀಳಿ ನೋಡಿ. ಒಂದು ಕೇಸ್ ಹೋದರೆ ಹೋಗಲಿ, ಒಳಗಿನ ಗೋಡೆಯನ್ನು ಒಮ್ಮೆ ಕಣ್ಣಾರೆ ಕಂಡರೆ ಬೆರಳಿಗೆ ಸಿಕ್ಕ ಸುಳಿವಿನ ಅರ್ಥ ಸರಿಯಾಗಿ ತಿಳಿಯುತ್ತದೆ.

ನಿಮ್ಮಲ್ಲಿ ಆ ಸಂದು ಎಲ್ಲಿಂದ ಬಂತು? ಡೈಯನ್ನು ಶೆಲ್‌ಹೋಲ್ಡರ್‌ಗೆ ತಗಲಿಸಿದ್ದರಿಂದ. ಸಾಮಾನ್ಯ ತೋಟಾಗಳಿಗೆ ಡೈ ಜೊತೆ ಬರುವ ಸೂಚನೆಯಲ್ಲಿ ಹಾಗೆಯೇ ಇರುತ್ತದೆ. ಅಲ್ಲಿ ಕೇಸ್‌ನ ಹೆಗಲು ಚೇಂಬರ್‌ನ ಹೆಗಲಿಗೆ ಆಗಲೇ ಹೊಂದಿಕೊಂಡಿರುತ್ತದೆ. ನೀವು ಮಾಡುತ್ತಿರುವುದು ಬೇರೆ. .30-06 ಕೇಸ್‌ನ ಹೆಗಲು 17.5 ಡಿಗ್ರಿ ಇಳಿಜಾರು, ನಿಮ್ಮ ಚೇಂಬರ್‌ನದು 40 ಡಿಗ್ರಿ. ಕೇಸ್‌ನ ಇಳಿಜಾರು ಹೆಗಲಿನ ಬಹುಭಾಗ ಚೇಂಬರ್‌ಗೆ ತಾಗುವುದೇ ಇಲ್ಲ. ಅದು ಆತುಕೊಳ್ಳಬಹುದಾದ ಜಾಗ ಕತ್ತೂ ಹೆಗಲೂ ಸೇರುವ ಮೂಲೆ ಒಂದೇ. ಅಮೆರಿಕದ ಬಂದೂಕು ಕುಶಲಕರ್ಮಿ ಪಾರ್ಕರ್ ಆಕ್ಲಿ ಹೆಸರಿನ ಇಂಪ್ರೂವ್ಡ್ ಚೇಂಬರ್‌ಗಳನ್ನು ಮೂಲ ತೋಟಾಕ್ಕಿಂತ 4 ಥೌ ಕಡಿಮೆ ಹೆಡ್‌ಸ್ಪೇಸ್ (ಬೋಲ್ಟ್‌ನ ಮುಖದಿಂದ ಕೇಸ್ ಆತುಕೊಳ್ಳುವ ಜಾಗದವರೆಗಿನ ಅಂತರ) ಇಟ್ಟು ಕೊರೆಯುವುದು ಇದಕ್ಕೇ, ಆ ಮೂಲೆ ಸ್ವಲ್ಪ ಬಿಗಿಯಾಗಿ ಕಚ್ಚಿ ಕೇಸನ್ನು ಹಿಂದಕ್ಕೆ ಹಿಡಿದಿರಲಿ ಎಂದು. ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ, ನಮ್ಮ ಲೇತ್ ಶಾಪ್‌ಗಳಲ್ಲಿ ಬಳಸುವ ಅದೇ ಅಳತೆ. ನೀವು ಡೈಯನ್ನು ಪೂರ್ತಿ ಇಳಿಸಿದಾಗ ಕತ್ತು ಹೆಗಲು ಸೇರುವವರೆಗೂ 6.5 ಆಯಿತು, ಮೂಲೆಯೂ ಹಿಂದೆ ಸರಿಯಿತು, ಆಧಾರವೇ ಹೋಯಿತು. ಮಿಲಿಟರಿ .30-06ರ ಗೋ ಗೇಜ್‌ಗೂ (ಹೆಡ್‌ಸ್ಪೇಸ್‌ನ ಕನಿಷ್ಠ ಮಿತಿ ಅಳೆಯುವ ತುಂಡು) ಫೀಲ್ಡ್ ಗೇಜ್‌ಗೂ (ಗರಿಷ್ಠ ಮಿತಿಯದು) ಇರುವ ಅಂತರವೇ 10 ಥೌ. ಅಷ್ಟು ದಾಟಿದರೆ ರೈಫಲನ್ನು ಬಳಕೆಯಿಂದ ತೆಗೆಯುತ್ತಾರೆ. ಡೈಯ ಒಂದು ಸಣ್ಣ ತಿರುವು ಹೆಚ್ಚುಕಡಿಮೆ ಅಷ್ಟೇ ಕೆಡಿಸಬಲ್ಲದು. ಪ್ರೆಸ್ ಡೈಯ ತಿರುಪಿನ ಎಳೆ (ಥ್ರೆಡ್) ಇಂಚಿಗೆ 14, ಅಂದರೆ ಒಂದು ಸುತ್ತಿಗೆ 71 ಥೌ, ಎಂಟನೇ ಒಂದು ಸುತ್ತಿಗೆ ಸುಮಾರು 9 ಥೌ.

ಹಾಗಿದ್ದರೂ ಬಂದೂಕು ರಿಪೇರಿಯವರಿಂದ ಚೇಂಬರ್‌ನ ಹೆಡ್‌ಸ್ಪೇಸ್ ಒಮ್ಮೆ ಅಳೆಸಿ. ಯಾವ ಗೇಜ್ ಇಟ್ಟು ಕೊರೆದರು ಎಂದೂ ಕೇಳಿಕೊಳ್ಳಿ. ವೈಲ್ಡ್‌ಕ್ಯಾಟ್ ಎಂದರೆ ಅಳತೆಯ ಒಪ್ಪಂದವಿಲ್ಲದ ತೋಟಾ. ಒಂದೇ ಹೆಸರಿನ ಎರಡು ಚೇಂಬರ್‌ಗಳು ಕತ್ತಿನ ವ್ಯಾಸದಲ್ಲೂ ಉದ್ದದಲ್ಲೂ ಬೇರೆಯಾಗಿರುವುದು ಸಾಮಾನ್ಯ. .22-250ಕ್ಕೆ 1965ರಲ್ಲಿ, .25-06ಕ್ಕೆ 1969ರಲ್ಲಿ, .35 ವೇಲನ್‌ಗೆ 1988ರಲ್ಲಿ ರೆಮಿಂಗ್ಟನ್ ಕಂಪನಿ ಕಾರ್ಖಾನೆ ತೋಟಾ ತಂದಿತು, ಅವುಗಳ ಅಳತೆ ನಿಂತಿತು. ನಿಮ್ಮದಕ್ಕೆ ನಿಮ್ಮ ರೀಮರ್‌ನ (ಚೇಂಬರ್ ಕೊರೆದ ಉಪಕರಣ) ನಕ್ಷೆಯೇ ಶಾಸನ. ಆ ನಕ್ಷೆಯ ಪ್ರತಿ ನಿಮ್ಮ ಬಳಿ ಇರಲೇಬೇಕು.

ಆಧಾರ ಕೊಡುವ ಉಪಾಯಕ್ಕೆ ಹುಸಿ ಹೆಗಲು ಎನ್ನೋಣ. .30ರ ಕತ್ತನ್ನು ಬಾಯಿಯಿಂದ ಕೆಳಕ್ಕೆ 6.5ಕ್ಕೆ ಇಳಿಸುತ್ತಾ ಬಂದು, ಕತ್ತಿನ ಬುಡದ ಸ್ವಲ್ಪ ಭಾಗವನ್ನು ಮಾತ್ರ .30ರ ಅಗಲದಲ್ಲೇ ಬಿಡುವುದು. ಆಗ ಕತ್ತಿನ ಮೇಲೆ ಒಂದು ಸಣ್ಣ ಮೆಟ್ಟಿಲು ನಿಲ್ಲುತ್ತದೆ. ಬೋಲ್ಟ್ ಹಾಕುವಾಗ ಆ ಮೆಟ್ಟಿಲು ಚೇಂಬರ್‌ನ ಹೆಗಲಿಗೆ ತಾಗಿ ಕೇಸನ್ನು ಬೋಲ್ಟ್‌ನ ಮುಖಕ್ಕೆ ಒತ್ತಿ ಹಿಡಿಯುತ್ತದೆ. ಗುಂಡಿನ ವ್ಯಾಸ .308 ಇಂಚಿನಿಂದ (.30-06) .264ಕ್ಕೆ (6.5) ಇಳಿಯುವಾಗ ಒಂದೊಂದು ಬದಿಗೆ ಸುಮಾರು 22 ಥೌ ಮೆಟ್ಟಿಲು ಸಿಗುತ್ತದೆ, ಇದು ಧಾರಾಳ. ಈ ಒಂದು ಕಾರಣಕ್ಕೆ .30-06 ಕೇಸ್ ಆರಿಸಿದ್ದು ತಪ್ಪಲ್ಲ ಎನ್ನುತ್ತೇನೆ. .270 ವಿಂಚೆಸ್ಟರ್ ಕೇಸ್‌ನಿಂದ ಶುರು ಮಾಡಿದರೆ ಕತ್ತು ಇಳಿಸುವ ಕೆಲಸ ಕಡಿಮೆ, ಉದ್ದವೂ 2.494 ಇಂಚಿನ ಬದಲು 2.540 ಸಿಗುತ್ತದೆ. ಆದರೆ ಮೆಟ್ಟಿಲು ಬದಿಗೆ ಆರೇಳು ಥೌ ಮಾತ್ರ, ಒತ್ತಿದರೆ ಜಾರುವಷ್ಟು ಸಣ್ಣದು. .25-06 ಕೇಸ್‌ನ ಕತ್ತನ್ನು ಹಿಗ್ಗಿಸಿ 6.5 ಮಾಡಬಹುದು, ಅದರಲ್ಲಿ ಮೆಟ್ಟಿಲೇ ಉಳಿಯುವುದಿಲ್ಲ, ಮೊದಲು .30ರವರೆಗೆ ಹಿಗ್ಗಿಸಿ ಆಮೇಲೆ ಇಳಿಸಬೇಕಾಗುತ್ತದೆ. ಗುಂಡನ್ನು ಉದ್ದಕ್ಕೆ ಕೂರಿಸಿ, ಬ್ಯಾರೆಲ್‌ನ ತೋಡುಗಳಿಗೆ ತಗಲಿಸಿ, ಅದರಿಂದಲೇ ಕೇಸನ್ನು ಹಿಂದೆ ಹಿಡಿಯುವ ಪದ್ಧತಿಯೂ ಇದೆ. ಕತ್ತಿನ ಹಿಡಿತ ಸಾಲದಿದ್ದರೆ ಗುಂಡು ಒಳಗೆ ಜಾರುತ್ತದೆ, ತೋಡಿಗೆ ತಗಲಿದ್ದರಿಂದ ಒತ್ತಡವೂ ಏರುತ್ತದೆ. ಹುಸಿ ಹೆಗಲು ಮಾಡಲು ಸಾಧ್ಯವಿರುವಾಗ ಅದನ್ನು ಬಿಟ್ಟು ಇದಕ್ಕೆ ಹೋಗಬೇಡಿ.

ಕೇಸ್ ಆರಿಸುವುದು

ಹಾರಿಸದ ಹೊಸ ಕೇಸ್ ಅಥವಾ ಒಂದೇ ಸಲ ಹಾರಿಸಿದ್ದು, ಎಲ್ಲ ಒಂದೇ ಕಂಪನಿಯ ಒಂದೇ ಲಾಟ್. ನೂರು ಬೇಕಿದ್ದರೆ ನೂರಹದಿನೈದು ತೆಗೆದುಕೊಳ್ಳಿ, ಕೈ ಕುದುರುವ ತನಕ ಕೆಲವು ಹೋಗುತ್ತವೆ. ಮಿಲಿಟರಿ ಕೇಸ್‌ಗಳಲ್ಲಿ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಬುಡದ ಬಿಲ್ಲೆ) ಸುತ್ತ ಒತ್ತಿ ಕೂರಿಸಿದ ಅಂಚು ಇರುತ್ತದೆ, ಅದನ್ನು ಕೊರೆದು ತೆಗೆಯಬೇಕು. ಗೋಡೆಯೂ ದಪ್ಪವಿರುವುದರಿಂದ ಒಳ ಜಾಗ ಕಡಿಮೆ. ಅದೇ ಮದ್ದಿಗೆ ಒತ್ತಡ ಹೆಚ್ಚು. ಬೆರೆಸಿ ಬಳಸಬೇಡಿ.

ಇಳಿಸುವ ಕ್ರಮ

ಹಿತ್ತಾಳೆ ಒತ್ತಿದಷ್ಟೂ ಗಡುಸಾಗುತ್ತದೆ. ತೋಟಾಕ್ಕೆ ಬಳಸುವುದು ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವಿನ ಮಿಶ್ರಲೋಹ. ತಣ್ಣಗಿದ್ದಾಗ ಇದರಷ್ಟು ಚೆನ್ನಾಗಿ ಹಿಗ್ಗುವ ಕುಗ್ಗುವ ಹಿತ್ತಾಳೆ ಇಲ್ಲ, ಆದರೂ ಅದಕ್ಕೊಂದು ಮಿತಿಯಿದೆ. ಹಂಡೆ ಬಡಿಯುವ ಕಂಚುಗಾರರು ನಡುನಡುವೆ ಬಡಿಯುವುದು ನಿಲ್ಲಿಸಿ ಹಂಡೆಯನ್ನು ಬೆಂಕಿಗೆ ಹಿಡಿಯುವುದನ್ನು ನೋಡಿದವರಿಗೆ ಇದು ಹೊಸತಲ್ಲ. ನಾಲ್ಕೈದು ಸಲ ಹಾರಿಸಿದ ಕೇಸ್‌ನ ಕತ್ತು ಅಷ್ಟೂ ಸಲ ಹಿಗ್ಗಿ ಕುಗ್ಗಿ ಗಡುಸಾಗಿರುತ್ತದೆ. ಅದನ್ನು ನೀವು ಒಂದೇ ಏಟಿಗೆ ನೂರಕ್ಕೆ 14ರಷ್ಟು ಕಿರಿದು ಮಾಡಿದಿರಿ. ಕತ್ತು ಡೈಗೆ ಹೋಗಲು ಒಪ್ಪಲಿಲ್ಲ, ಕೆಳಗಿರುವ ಹೆಗಲು ಆ ಭಾರ ತಡೆಯದೆ ನೆಗ್ಗಿತು.

ಮಧ್ಯದಲ್ಲಿ ಒಂದು ಹಂತ ಇಡಿ: .308ರಿಂದ 7 ಮಿಲಿಮೀಟರ್‌ಗೆ, ಅಲ್ಲಿಂದ 6.5ಕ್ಕೆ. ಮೊದಲ ಇಳಿತಕ್ಕೆ 7 ಮಿಲಿಮೀಟರ್ ಗುಂಡಿನ .280 ರೆಮಿಂಗ್ಟನ್ ತೋಟಾದ ಡೈ ಬಹಳ ಅನುಕೂಲ. ಆ ತೋಟಾದ ಹೆಗಲು .30-06ಕ್ಕಿಂತ ಸುಮಾರು 50 ಥೌ ಮುಂದಿದೆ. ಹಾಗಾಗಿ ಡೈ ನಿಮ್ಮ ಕೇಸ್‌ನ ಹೆಗಲನ್ನು ಮುಟ್ಟದೆ ಕತ್ತನ್ನಷ್ಟೇ ಕಿರಿದು ಮಾಡುತ್ತದೆ, ಕತ್ತಿನ ಬುಡವನ್ನೂ ಹಾಗೆಯೇ ಬಿಡುತ್ತದೆ. ಹುಸಿ ಹೆಗಲಿನ ಮೊದಲ ರೂಪ ಅಲ್ಲೇ ಸಿಕ್ಕಂತಾಯಿತು. ಈ ಹಂತಗಳಲ್ಲಿ ಡೈಯೊಳಗಿನ ಎಕ್ಸ್‌ಪ್ಯಾಂಡರ್ ಗುಂಡಿಯನ್ನು ತೆಗೆದಿಡಿ. ಕಿರಿದು ಮಾಡಿದ್ದನ್ನು ಅದು ವಾಪಸ್ ಹಿಗ್ಗಿಸಿ ಹೆಗಲನ್ನೂ ಎಳೆಯುತ್ತದೆ.

ಲ್ಯೂಬ್ (ಡೈಯಲ್ಲಿ ಜಾರಲು ಹಚ್ಚುವ ಪಸೆ) ವಿಷಯದಲ್ಲಿ ಹೆಚ್ಚೂ ತಪ್ಪು, ಕಡಿಮೆಯೂ ತಪ್ಪು. ಮೈಗೆ ಸೈಜಿಂಗ್ ವ್ಯಾಕ್ಸ್ ಅನ್ನು ಬೆರಳಿನಿಂದ ತೆಳ್ಳಗೆ ಸವರಿ, ಕತ್ತಿನ ಹೊರಗೂ ಅಷ್ಟೇ ತೆಳ್ಳಗೆ. ಹೆಗಲಿಗೆ ಬೇಡ. ಹೆಗಲ ಮೇಲೆ ನಿಂತ ಲ್ಯೂಬ್ ಹೋಗಲು ದಾರಿಯಿಲ್ಲದೆ ಹಿತ್ತಾಳೆಯನ್ನೇ ಒಳಕ್ಕೆ ತಳ್ಳುತ್ತದೆ. ನಿಮ್ಮ ನೆಗ್ಗುಗಳನ್ನು ಬೆಳಕಿಗೆ ಹಿಡಿದು ನೋಡಿ. ಅಂಚು ನಯವಾದ ಸಣ್ಣ ಗುಳಿಯಾಗಿದ್ದರೆ ಅದು ಲ್ಯೂಬ್‌ನದು. ಸುತ್ತಲೂ ಬಟ್ಟೆಯ ನೆರಿಗೆಯಂತೆ ಮಡಚಿದ್ದರೆ ಅದು ಗಡಸು ಹಿತ್ತಾಳೆಯನ್ನು ಒಂದೇ ಸಲ ತಳ್ಳಿದ್ದರ ಗುರುತು. ಸಣ್ಣ ಗುಳಿ ಹಾರಿಸಿದಾಗ ಸರಿಹೋಗುತ್ತದೆ, ನೆರಿಗೆ ಬಿದ್ದದ್ದನ್ನು ಎಸೆಯಿರಿ. ಮೈಗೆ ಲ್ಯೂಬ್ ಸಾಲದಿದ್ದರೆ ಕೇಸ್ ಡೈಯಲ್ಲಿ ಸಿಕ್ಕಿಕೊಂಡು ಹೊರಗೆಳೆಯುವಾಗ ಅಂಚು ಕಿತ್ತುಬರುತ್ತದೆ.

ಪ್ರೆಸ್‌ನ ಹಿಡಿಯನ್ನು ನಿಧಾನವಾಗಿ ಇಳಿಸಿ. ಅರ್ಧ ಹೋಗಿ ಹಿಂದೆ ಬನ್ನಿ, ಕೇಸನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಹೋಗಿ. ಒಂದೇ ಕಡೆ ಒತ್ತಡ ಬೀಳದೆ ಕತ್ತು ನೆಟ್ಟಗೆ ಉಳಿಯುತ್ತದೆ.

ಈಗ ಡೈ ಹೊಂದಿಸುವುದು, ಎಲ್ಲಕ್ಕಿಂತ ಮುಖ್ಯವಾದ ಭಾಗ. 6.5-06 ಇಂಪ್ರೂವ್ಡ್ ಡೈಯನ್ನು ಶೆಲ್‌ಹೋಲ್ಡರ್‌ನಿಂದ ಎರಡು ಪೂರ್ತಿ ಸುತ್ತು ಮೇಲೆ ನಿಲ್ಲಿಸಿ. ಬೋಲ್ಟ್‌ನಿಂದ ಫೈರಿಂಗ್ ಪಿನ್, ಎಜೆಕ್ಟರ್ ಎರಡನ್ನೂ ಬಿಚ್ಚಿಡಿ. ಸ್ಪ್ರಿಂಗ್‌ಗಳ ಬಿಗಿ ಇದ್ದರೆ ಕೈಗೆ ನಿಜ ಸಂಗತಿ ತಿಳಿಯದು, ಪಿನ್ ಇಲ್ಲದಿದ್ದರೆ ಅಪಾಯವೂ ಇಲ್ಲ. ಪ್ರೈಮರ್, ಮದ್ದು, ಗುಂಡು ಯಾವುದೂ ಇಲ್ಲದ ಖಾಲಿ ಕೇಸನ್ನು ಇಳಿಸಿ, ಲ್ಯೂಬ್ ಒರೆಸಿ, ಚೇಂಬರ್‌ಗೆ ಹಾಕಿ ಬೋಲ್ಟ್ ಮುಚ್ಚಲು ನೋಡಿ. ಮೊದಲು ಮುಚ್ಚುವುದಿಲ್ಲ. ಡೈಯನ್ನು ಎಂಟನೇ ಒಂದು ಸುತ್ತು ಇಳಿಸಿ, ಮತ್ತೆ ನೋಡಿ. ಬೋಲ್ಟ್‌ನ ಹಿಡಿ ಕೆಳಗೆ ಬರಲು ಶುರುವಾದ ಮೇಲೆ ಹದಿನಾರನೇ ಒಂದು ಸುತ್ತಿಗಿಂತ ಹೆಚ್ಚು ಇಳಿಸಬೇಡಿ. ಹಿಡಿಯ ಕೊನೆಯ ಮೂರನೇ ಒಂದು ಭಾಗದಲ್ಲಿ ಹೆಬ್ಬೆರಳಿನ ಒತ್ತು ಬೇಕಾಗುವಂತೆ ಬಿಗಿ ಸಿಕ್ಕಿತೋ, ಅಲ್ಲಿಗೆ ನಿಲ್ಲಿಸಿ ಡೈಯ ಬೀಗದ ಉಂಗುರ ಬಿಗಿ ಮಾಡಿ. ಹಿಡಿ ತಾನಾಗಿ ಬಿದ್ದರೆ ದಾಟಿ ಹೋಗಿದ್ದೀರಿ, ಆ ಕೇಸನ್ನು ಬದಿಗಿಡಿ. ಎಷ್ಟು ದಾಟಿತು ಎಂದು ತಿಳಿಯಲು ಬುಡಕ್ಕೆ ಸಾಮಾನ್ಯ ಸೆಲೋಟೇಪ್‌ನ ತುಂಡು ಅಂಟಿಸಿ ನೋಡಬಹುದು, ಒಂದು ಪದರಕ್ಕೆ ಸುಮಾರು ಎರಡು ಥೌ. ನಿಮ್ಮ ಹಳೆಯ ಹೊಂದಿಕೆಯಲ್ಲೇ ಒಂದು ಹೊಸ ಖಾಲಿ ಕೇಸ್ ಮಾಡಿ ಈ ಪರೀಕ್ಷೆ ಮಾಡಿದರೆ ಆ ದಿನ ಎಷ್ಟು ಸಂದಿತ್ತು ಎಂಬುದು ನಿಮಗೇ ಗೊತ್ತಾಗುತ್ತದೆ. ಡೈ ಹೊಂದಿಸಿದ ಮೇಲೂ ಪ್ರತಿ ಕೇಸನ್ನು ಹಾಗೆಯೇ ಚೇಂಬರ್‌ಗೆ ಹಾಕಿ ನೋಡಲೇಬೇಕು. ಹಿತ್ತಾಳೆಯ ಗಡಸುತನ ಒಂದರಿಂದ ಒಂದಕ್ಕೆ ಬೇರೆ, ಅದು ಡೈಯಿಂದ ಹೊರಬಂದ ಮೇಲೆ ಸಡಿಲುವುದೂ ಬೇರೆ.

ಕಾಯಿಸುವುದು, ಮತ್ತೆ ಆ ಪಾಲಿಷ್

ಕತ್ತು ಸೀಳಿದ್ದಕ್ಕೆ ಮುಖ್ಯ ಕಾರಣ ಹೇಳಿಯಾಯಿತು: ಗಡಸು ಹಿತ್ತಾಳೆ, ಅದರ ಮೇಲೆ ಹೆಗಲು ಉಬ್ಬುವಾಗ ಬಿದ್ದ ಎಳೆತ. ಆದರೆ ಎರಡು ತಿಂಗಳು ಇಟ್ಟಿದ್ದೆ ಎಂದಿರಿ, ಪಾತ್ರೆ ಪಾಲಿಷ್ ಎಂದಿರಿ. ಆ ಪಾಲಿಷ್‌ನಲ್ಲಿ ಅಮೋನಿಯಾ ಇತ್ತೇ ಎಂದು ಡಬ್ಬಿ ನೋಡಿ. ಒತ್ತಿ ಕಿರಿದು ಮಾಡಿದ ಹಿತ್ತಾಳೆಯೊಳಗೆ ಬಿಗಿ ಉಳಿದುಕೊಂಡಿರುತ್ತದೆ. ಆ ಬಿಗಿ, ಅಮೋನಿಯಾ, ಸ್ವಲ್ಪ ತೇವ ಈ ಮೂರೂ ಕೂಡಿದರೆ ಹಿತ್ತಾಳೆ ತನ್ನಷ್ಟಕ್ಕೆ ತಾನೇ, ಯಾರೂ ಮುಟ್ಟದೆ, ಕಣಗಳ ಅಂಚಿನುದ್ದಕ್ಕೂ ಬಿರಿಯುತ್ತದೆ.

ಈ ರೋಗ ಗುರುತಿಗೆ ಬಂದದ್ದೇ ನಮ್ಮ ದೇಶದಲ್ಲಿ. ಬ್ರಿಟಿಷರ ಕಾಲದಲ್ಲಿ ಸೇನೆಯ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಕೇಸ್‌ಗಳ ಕತ್ತು ಬಿರಿದಿರುತ್ತಿತ್ತು. ಸೀಸನ್ ಕ್ರ್ಯಾಕಿಂಗ್ ಎಂಬ ಹೆಸರು ಅದಕ್ಕೆ ಅಂಟಿತು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ಗಾಳಿಯ ತೇವ, ಕೇಸ್ ಎಳೆಯುವಾಗ ಒಳಗೆ ಉಳಿದ ಬಿಗಿ ಸೇರಿ ಹೀಗಾಗುತ್ತದೆ ಎಂಬುದನ್ನು 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ವಿವರಿಸಿದರು. ಪರಿಹಾರವೂ ಸರಳ: ಕಾಯಿಸಿ ಆ ಬಿಗಿಯನ್ನು ಬಿಡಿಸುವುದು. ಇಂದಿಗೂ ಅನೇಕ ಕಾರ್ಖಾನೆ ಕೇಸ್‌ಗಳ ಕತ್ತಿನಲ್ಲಿ ಕಾಣುವ ನೀಲಿ-ಕಂದು ಛಾಯೆ ಆ ಕಾಯಿಸಿದ್ದರ ಗುರುತು. ಅರಿಜೋನಾದ ಒಣ ಹವೆಯಲ್ಲಿ ತೇವ ಕಡಿಮೆ, ಹಾಗೆಂದು ಈ ಪಾಲಿಷ್ ಬಳಸಬಹುದು ಎಂದೇನಲ್ಲ. ಮೆಕ್ಕೆಜೋಳದ ದಿಂಡಿನ ಪುಡಿ ಅಥವಾ ವಾಲ್‌ನಟ್ ಸಿಪ್ಪೆಯ ಪುಡಿ ಹಾಕಿದ ಟಂಬ್ಲರ್ ಸಾಕು.

ಹಾರಿಸಿದ ಕೇಸ್‌ನಿಂದ ಶುರು ಮಾಡುವುದಾದರೆ ಎರಡು ಸಲ ಕಾಯಿಸಿ: ಕತ್ತು ಇಳಿಸುವ ಮೊದಲೊಮ್ಮೆ, 6.5ಕ್ಕೆ ತಂದ ಮೇಲೆ ಹಾರಿಸುವ ಮೊದಲು ಇನ್ನೊಮ್ಮೆ. ಹೊಸ ಕೇಸ್‌ಗೆ ಎರಡನೆಯದು ಮಾತ್ರ ಸಾಕು. ತೀರಾ ಮೆದುವಾದ ಹೆಗಲು ಪ್ರೆಸ್‌ನ ಭಾರಕ್ಕೂ ಕುಸಿಯುವುದರಿಂದ ಅನಗತ್ಯವಾಗಿ ಕಾಯಿಸುವುದೂ ಒಳ್ಳೆಯದಲ್ಲ.

ಪ್ರೈಮರ್ ತೆಗೆದ ಕೇಸನ್ನು ಡ್ರಿಲ್‌ಗೆ ಸಿಕ್ಕಿಸಿದ ಸಾಕೆಟ್‌ನಲ್ಲಿ ನಿಲ್ಲಿಸಿ ನಿಧಾನ ತಿರುಗಿಸುತ್ತಾ, ಪ್ರೊಪೇನ್ ಟಾರ್ಚ್‌ನ ಒಳ ನೀಲಿ ಮೊನೆಯನ್ನು ಕತ್ತು-ಹೆಗಲಿನ ಸಂಧಿಗೆ ಹಿಡಿಯಿರಿ. ಎಷ್ಟು ಸೆಕೆಂಡ್ ಎಂಬುದು ನಿಮ್ಮ ಟಾರ್ಚ್‌ ಮೇಲೆ ಹೋಗುತ್ತದೆ, ಸಾಮಾನ್ಯವಾಗಿ ಐದರಿಂದ ಹತ್ತು. ಅಂದಾಜಿನಲ್ಲಿ ಮಾಡಬೇಡಿ. ಗೊತ್ತಾದ ಶಾಖಕ್ಕೆ ಕರಗುವ ಬಣ್ಣ ಸಿಗುತ್ತದೆ: 750 ಫ್ಯಾರನ್‌ಹೀಟ್, ಅಂದರೆ ಸುಮಾರು 400 ಸೆಲ್ಸಿಯಸ್‌ನದನ್ನು ಕತ್ತಿನ ಒಳಗೆ ಹಚ್ಚಿ, 450 ಫ್ಯಾರನ್‌ಹೀಟ್, ಸುಮಾರು 230 ಸೆಲ್ಸಿಯಸ್‌ನದನ್ನು ಹೆಗಲಿನಿಂದ ಅರ್ಧ ಇಂಚು ಕೆಳಗೆ ಮೈಮೇಲೆ ಹಚ್ಚಿ. ಒಳಗಿನದು ಕರಗಬೇಕು, ಕೆಳಗಿನದು ಕರಗಬಾರದು. ಒಂದೆರಡು ಹಾಳು ಕೇಸ್‌ಗಳ ಮೇಲೆ ಹೀಗೆ ಸಮಯ ಕಂಡುಕೊಂಡು, ಆಮೇಲೆ ಗಡಿಯಾರ ಅಥವಾ ಮೆಟ್ರೊನೋಮ್ ಹಿಡಿದು ಉಳಿದವನ್ನು ಮಾಡಿ. ಕೋಣೆ ಮಬ್ಬಾಗಿರಲಿ. ಕತ್ತು ಕೆಂಪಗೆ ಹೊಳೆಯುವವರೆಗೆ ಬಿಟ್ಟರೆ ಹೆಚ್ಚಾಯಿತು. ಅಂಥ ಕತ್ತು ಗುಂಡನ್ನು ಹಿಡಿಯುವ ಬಿಗಿಯನ್ನೇ ಕಳೆದುಕೊಳ್ಳುತ್ತದೆ.

ನೀರಿಗೆ ಹಾಕಬೇಕೇ ಎಂಬ ವಾದ ಮುಗಿಯುವುದೇ ಇಲ್ಲ. ಉಕ್ಕು ಥಟ್ಟನೆ ತಣಿದರೆ ಗಡುಸಾಗುತ್ತದೆ, ಹಿತ್ತಾಳೆಗೆ ಆ ಗುಣವಿಲ್ಲ. ನೀರಿನಲ್ಲಿ ತಣಿದರೂ ಗಾಳಿಯಲ್ಲಿ ತಣಿದರೂ ಮೆದುವೇ. ನೀರು ಶಾಖ ಬುಡಕ್ಕೆ ಇಳಿಯದಂತೆ ತಡೆಯುತ್ತದೆ, ಅಷ್ಟೇ. ಆಮೇಲೆ ಒಣಗಿಸುವ ಕೆಲಸ ಹೆಚ್ಚು. ಬುಡ ಮಾತ್ರ ಯಾವ ಕಾರಣಕ್ಕೂ ಕಾಯಬಾರದು. ಒತ್ತಡವನ್ನು ತಡೆಯುವುದು ಆ ಗಡಸು ಬುಡವೇ. ಕೇಸ್‌ಗಳನ್ನು ಒಟ್ಟಿಗೆ ಓವನ್‌ನಲ್ಲಿಟ್ಟು ಕಾಯಿಸುವವರಿದ್ದಾರೆ, ಅವು ಪೂರ್ತಿ ಮೆದುವಾಗಿ ಬಳಕೆಗೆ ಅಪಾಯಕಾರಿ. ಬುಡಕ್ಕೆ ಬಣ್ಣ ಏರಿದ ಒಂದೇ ಒಂದು ಕೇಸ್ ಕಂಡರೂ ಅದನ್ನು ಇಕ್ಕಳದಲ್ಲಿ ಜಜ್ಜಿ ಎಸೆಯಿರಿ, ಮತ್ತೆ ರಾಶಿಗೆ ಸೇರದಂತೆ.

ಕತ್ತಿನ ದಪ್ಪ

ಕತ್ತು ಕಿರಿದಾದಾಗ ಹಿತ್ತಾಳೆ ಎಲ್ಲೂ ಹೋಗುವುದಿಲ್ಲ, ಸ್ವಲ್ಪ ಉದ್ದವಾಗುತ್ತದೆ, ಹೆಚ್ಚಾಗಿ ದಪ್ಪವಾಗುತ್ತದೆ. .30-06ರಲ್ಲಿ ಕತ್ತಿನ ಗೋಡೆ 15 ಥೌ ಇದ್ದರೆ 6.5ಕ್ಕೆ ಬಂದಾಗ 16ರಿಂದ 17 ಥೌ. 17 ಎಂದಿಟ್ಟುಕೊಂಡರೆ ಗುಂಡು ಕೂರಿಸಿದ ಕತ್ತಿನ ಹೊರ ವ್ಯಾಸ .264ಕ್ಕೆ ಎರಡು ಸಲ .017 ಕೂಡಿಸಿ .298 ಇಂಚು. ನಿಮ್ಮ ಚೇಂಬರ್‌ನ ಕತ್ತು .297 ಇದ್ದರೆ ತೋಟಾ ಹೋಗುವುದೇ ಇಲ್ಲ. .298 ಇದ್ದು ಹೇಗೋ ಹೋದರೆ ಇನ್ನೂ ಕೆಟ್ಟದ್ದು. ಗುಂಡು ಬಿಟ್ಟುಕೊಡಲು ಕತ್ತಿಗೆ ಹಿಗ್ಗುವ ಜಾಗವಿಲ್ಲ, ಒತ್ತಡ ಒಮ್ಮೆಲೇ ಏರುತ್ತದೆ. ಗುಂಡು ಕೂರಿಸಿದ ಕತ್ತು ಚೇಂಬರ್‌ಗಿಂತ ಕನಿಷ್ಠ 3 ಥೌ ಸಣ್ಣದಿರಬೇಕು. ಹಾರಿಸಿದ ಕೇಸ್‌ನ ಬಾಯಿಗೆ ಹೊಸ ಗುಂಡು ಬೆರಳಿನಿಂದಲೇ ಸಲೀಸಾಗಿ ಇಳಿಯಬೇಕು. ನಿಮ್ಮ ಎಂಟು ಕೇಸ್‌ಗಳಲ್ಲಿ ಈಗಲೇ ಇದನ್ನು ಪರೀಕ್ಷಿಸಿ. ಇಳಿಯದಿದ್ದರೆ ದಪ್ಪದ ತೊಂದರೆಯೂ ನಿಮ್ಮಲ್ಲಿತ್ತು.

ರೀಮರ್‌ನ ನಕ್ಷೆ ಸಿಗದಿದ್ದರೆ ಚೇಂಬರ್‌ನ ಅಚ್ಚು ತೆಗೆಯಿರಿ. ಸೆರೋಸೇಫ್ ಎಂಬ ಮಿಶ್ರಲೋಹ 70ರಿಂದ 88 ಸೆಲ್ಸಿಯಸ್‌ಗೇ ಕರಗುತ್ತದೆ. ತಣಿದ ಮೊದಲ ಅರ್ಧ ಗಂಟೆ ಸ್ವಲ್ಪ ಕುಗ್ಗಿ, ಸುಮಾರು ಒಂದು ಗಂಟೆಗೆ ಚೇಂಬರ್‌ನ ನಿಜ ಅಳತೆಗೆ ಮರಳುತ್ತದೆ. ಆಗಲೇ ಮೈಕ್ರೋಮೀಟರ್ ಹಿಡಿಯಿರಿ. ಅದರಲ್ಲಿ ಸೀಸ, ಕ್ಯಾಡ್ಮಿಯಂ ಎರಡೂ ಇವೆ. ಗಾಳಿಯಾಡುವ ಕಡೆ ಮಾಡಿ ಕೈ ತೊಳೆದುಕೊಳ್ಳಿ, ಅಡುಗೆ ಪಾತ್ರೆಯಲ್ಲಿ ಕರಗಿಸಬೇಡಿ.

ದಪ್ಪ ಹೆಚ್ಚಿದ್ದರೆ ಕತ್ತಿನ ಹೊರಮೈಯನ್ನು ನೆಕ್ ಟರ್ನಿಂಗ್ ಉಪಕರಣದಲ್ಲಿ ಹೆರೆಯಬೇಕು. ಹುಸಿ ಹೆಗಲು ಇರುವಾಗ ಮೆಟ್ಟಿಲವರೆಗೆ ಮಾತ್ರ ಹೆರೆಯಲಾದೀತು, ಹಾರಿಸಿ ಆಕಾರ ಬಂದ ಮೇಲೆ ಉಳಿದದ್ದು. ಬ್ಲೇಡಿನ ಕೋನ 40 ಡಿಗ್ರಿ ಹೆಗಲಿಗೆ ಹೊಂದುವಂಥದ್ದಿರಲಿ, ಹೆಗಲಿಗೆ ಕೂದಲೆಳೆಯಷ್ಟು ತಾಗಿ ನಿಲ್ಲಲಿ. ಅದಕ್ಕೂ ಮೊದಲೇ ನಿಲ್ಲಿಸಿದರೆ ಕತ್ತಿನ ಬುಡದಲ್ಲಿ ದಪ್ಪನೆಯ ಬಳೆಯೊಂದು ಒಳಗೆ ಉಳಿಯುತ್ತದೆ, ಉದ್ದ ಗುಂಡಿನ ಹಿಂಭಾಗ ಅದಕ್ಕೆ ಒತ್ತಿಕೊಂಡು ಹಿಡಿತ ಒಂದೊಂದಕ್ಕೆ ಒಂದೊಂದು ಥರ ಆಗುತ್ತದೆ. ಹೆಚ್ಚು ಹೆರೆದರೆ ಅದೇ ಜಾಗ ಸೀಳಲು ದಾರಿ ಮಾಡಿಕೊಟ್ಟಂತೆ.

ಹಾರಿಸಿ ಆಕಾರಕ್ಕೆ ತರುವುದು

ಗುಂಡಿಲ್ಲದೆ ಸ್ವಲ್ಪ ಪಿಸ್ತೂಲ್ ಮದ್ದಿನ ಮೇಲೆ ರವೆಯಂಥ ಧಾನ್ಯದ ಪುಡಿ ತುಂಬಿ ಹಾರಿಸುವ ಪದ್ಧತಿ ಬಳಕೆಯಲ್ಲಿದೆ. ಅದರ ಒತ್ತಡ ಅಳೆದು ಪ್ರಕಟಿಸಿದ ಲೆಕ್ಕ ನಿಮ್ಮ ಕೇಸ್‌ಗೆ ಇಲ್ಲ, ಪುಡಿ ಗಂಟು ಕಟ್ಟಿದರೆ ಏನಾಗುತ್ತದೆಂದು ಹೇಳಲಾಗದು. ಗುಂಡು ಹಾಕಿಯೇ ಹಾರಿಸಿ. ಮದ್ದಿನ ಲೆಕ್ಕವನ್ನು ಮದ್ದು ಅಥವಾ ಗುಂಡು ತಯಾರಕರು ಅಚ್ಚು ಮಾಡಿದ ಕೈಪಿಡಿಯಲ್ಲಿ ಸಾಮಾನ್ಯ 6.5-06ಕ್ಕೆ ಕೊಟ್ಟಿರುವ ಆರಂಭದ ಪ್ರಮಾಣದಿಂದಲೇ ತೆಗೆದುಕೊಳ್ಳಿ. .30-06ರ ಪುಟ ನೋಡಿ ಊಹಿಸಬೇಡಿ. ಆರಂಭದ ಪ್ರಮಾಣಕ್ಕಿಂತ ಕೆಳಗೂ ಇಳಿಯಬೇಡಿ. ಒತ್ತಡ ಸಾಲದಿದ್ದರೆ ಹೆಗಲು ದುಂಡಗೇ ಉಳಿಯುತ್ತದೆ, ಪ್ರೈಮರ್‌ನ ಏಟು ಕೇಸನ್ನು ಮುಂದಕ್ಕೆ ತಳ್ಳಿ ಹೆಗಲನ್ನು ಹಿಂದೆ ಸರಿಸುವುದೂ ಉಂಟು. ಮೊದಲ ಗುಂಡಿಗೆ ಮೂಲೆ ಚೂಪಾಗಿ ಬರದೆ ಸ್ವಲ್ಪ ದುಂಡಗಿದ್ದರೆ ಚಿಂತೆ ಬೇಡ, ಎರಡನೆಯದಕ್ಕೆ ಬರುತ್ತದೆ. ಕೇಸ್ ಮೇಲಾಗಲಿ ಚೇಂಬರ್‌ನಲ್ಲಾಗಲಿ ಎಣ್ಣೆಯ ಪಸೆ ಇರಬಾರದು. ಇದ್ದರೆ ಗೋಡೆ ಚೇಂಬರ್‌ಗೆ ಕಚ್ಚದೆ ಜಾರಿ, ಭಾರವೆಲ್ಲ ಬೋಲ್ಟ್ ಮೇಲೆ ಬೀಳುತ್ತದೆ.

ಆಕಾರ ಬರುವಾಗ ಮೈ ಉಬ್ಬಲು ಬೇಕಾದ ಹಿತ್ತಾಳೆ ಕತ್ತಿನ ಕಡೆಯಿಂದ ಸರಿದು ಬರುತ್ತದೆ, ಕೇಸ್ ಕೊಂಚ ಗಿಡ್ಡವಾಗುತ್ತದೆ. ಆದ್ದರಿಂದ ಹಾರಿಸುವ ಮೊದಲು ಚೇಂಬರ್‌ಗಿಂತ ಉದ್ದವಿದ್ದವನ್ನು ಮಾತ್ರ ಕತ್ತರಿಸಿ; ಅಳತೆಗೆ ಸರಿಯಾಗಿ ಕತ್ತರಿಸುವುದು ಆಕಾರ ಬಂದ ಮೇಲೆ, ಚೇಂಬರ್‌ನ ಕತ್ತಿನ ಉದ್ದಕ್ಕಿಂತ ಹತ್ತರಿಂದ ಹದಿನೈದು ಥೌ ಕಡಿಮೆ. ಗಿಡ್ಡವಿದ್ದರೆ ಅಪಾಯವಿಲ್ಲ, ಚೇಂಬರ್‌ನ ಮುಂಭಾಗದಲ್ಲಿ ಮಸಿ ಉಂಗುರ ಕಟ್ಟುತ್ತದೆ, ಅದನ್ನು ಉಜ್ಜಿ ತೆಗೆಯುತ್ತಿರಿ. ಉದ್ದವಿದ್ದರೆ ಬಾಯಿ ಗುಂಡಿಗೂ ಬ್ಯಾರೆಲ್‌ಗೂ ನಡುವೆ ಸಿಕ್ಕಿಕೊಂಡು ಒತ್ತಡ ಏರುತ್ತದೆ. ಇಲ್ಲಿಂದ ಮುಂದೆ ಡೈಯನ್ನು ಹಾರಿಸಿದ ಕೇಸ್‌ನ ಹೆಗಲಿನ ಅಳತೆಯಿಂದ ಒಂದೆರಡು ಥೌ ಮಾತ್ರ ಹಿಂದೆ ತಳ್ಳುವಂತೆ ನಿಲ್ಲಿಸಬೇಕು. ಶೆಲ್‌ಹೋಲ್ಡರ್‌ಗೆ ತಗಲಿಸುವ ಅಭ್ಯಾಸಕ್ಕೆ ಮತ್ತೆ ಮರಳಿದರೆ ಮತ್ತೆ ಅದೇ ಉಂಗುರ.

ಬುಡದ ಮುದ್ರೆ .30-06 ಎಂದೇ ಇರುತ್ತದೆ, ಒಳಗಿರುವುದು 6.5. ಹುಸಿ ಹೆಗಲಿನ ತೋಟಾ .30-06ರಂಥ ಬೇರೆ ರೈಫಲ್‌ಗೂ ಹೊಕ್ಕೀತು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ, ಆ ಕುಟುಂಬದ ಬೇರೆ ತೋಟಾಗಳ ಜೊತೆ ಒಂದೇ ಮೇಜಿನ ಮೇಲೆ ಇಡಬೇಡಿ.

ಕಾನೂನಿನ ಒಂದು ಮಾತು, ಇದನ್ನು ಊರಿನಲ್ಲಿ ಕೂತು ಓದುವವರಿಗೆ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ, ಮಾರಾಟದ ವ್ಯವಹಾರಕ್ಕೆ ಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ತೋಟಾ ತಯಾರಿಕೆಗಲ್ಲ.

ಮುಂದಿನ ಸಲ ಇಪ್ಪತ್ತು ಒಟ್ಟಿಗೆ ಬೇಡ. ಮೂರು ಕೇಸ್ ಮಾಡಿ, ಮೂರನ್ನೂ ಫೈರಿಂಗ್ ಪಿನ್ ಇಲ್ಲದ ಬೋಲ್ಟ್‌ನಲ್ಲಿ ನೋಡಿ, ಲ್ಯೂಬ್ ಒರೆಸಿ, ರೇಂಜ್‌ನಲ್ಲಿ ಕನ್ನಡಕ ಹಾಕಿಕೊಂಡು ಒಂದೊಂದಾಗಿ ಹಾರಿಸಿ. ಮೊದಲನೆಯದನ್ನು ತೆಗೆದು ಕತ್ತು, ಹೆಗಲು, ಬುಡ ಮೂರನ್ನೂ ನೋಡಿ, ತಂತಿ ಹಾಕಿ ಒಳಗೋಡೆ ಮುಟ್ಟಿ ನೋಡಿದ ಮೇಲೆ ಎರಡನೆಯದು. ಮೂರೂ ಸರಿ ಬಂದರೆ ಒಂದನ್ನು ಗರಗಸದಿಂದ ಸೀಳಿ, ಬುಡದ ಹತ್ತಿರದ ಗೋಡೆಯನ್ನು ಹಾರಿಸದ .30-06 ಕೇಸ್‌ನ ಗೋಡೆಯ ಪಕ್ಕ ಇಟ್ಟು ಅಳೆಯಿರಿ. ಎರಡೂ ಒಂದೇ ದಪ್ಪವಿದ್ದರೆ ಡೈಯ ಬೀಗದ ಉಂಗುರಕ್ಕೆ ಬಣ್ಣದ ಗುರುತು ಹಾಕಿ ಉಳಿದ ಕೇಸ್‌ಗಳನ್ನು ಶುರು ಮಾಡಿ.